ಹಿಮದಲ್ಲಿಟ್ಟ ಕುರ್ಚಿ

ನಮ್ಮ ಬೀದಿಗೊಂದು ನಿಯಮವಿದೆ. ಯಾವ ಕಾನೂನಿನ ಪುಸ್ತಕದಲ್ಲೂ ಅದು ಸಿಗುವುದಿಲ್ಲ. ಆದರೆ ಅದನ್ನು ಮುರಿದವನು ಬೆಳಿಗ್ಗೆ ಎದ್ದು ನೋಡಿದರೆ ಅವನ ಕಾರಿನ ಬಾಗಿಲುಗಳೆಲ್ಲ ಮಂಜುಗಡ್ಡೆ ಕಟ್ಟಿ ಕೂತಿರುತ್ತವೆ. ಯಾರು ನೀರು ಹುಯ್ದರು ಅಂತ ಕೇಳಿದರೆ ಇಡೀ ಬೀದಿಗೆ ಕಿವುಡು. ಹಿಮ ಬಿದ್ದಾಗ ಯಾರು ಸಲಿಕೆ ಹಿಡಿದು ಸೊಂಟ ಮುರಿದುಕೊಂಡು ಒಂದು ಕಾರಿನಷ್ಟು ಜಾಗ ಬಿಡಿಸುತ್ತಾರೋ, ಹಿಮ ಕರಗುವವರೆಗೂ ಆ ಜಾಗ ಅವರದು. ಕಾರು ಹೊರಗೆ ಒಯ್ಯುವಾಗ ಅಲ್ಲೊಂದು ಕುರ್ಚಿ ಇಟ್ಟು ಹೋಗಬೇಕು, ಅಷ್ಟೇ. ಮಿಶಿಗನ್ ಸರೋವರದ ಗಾಳಿ ತಿಂದು ಬೆಳೆದ ಯಾರೂ ಆ ಕುರ್ಚಿಯನ್ನು ಮುಟ್ಟುವುದಿಲ್ಲ.

ನಮ್ಮದು ಅಡುಗೆಮನೆಯ ನೀಲಿ ರೆಕ್ಸಿನ್ ಕುರ್ಚಿ. ಸೀಟು ಹರಿದದ್ದಕ್ಕೆ ನನ್ನ ಗಂಡ ಫಿದೆನ್ಸಿಯೊ ಬೆಳ್ಳಿ ಬಣ್ಣದ ಅಗಲ ಟೇಪು ಸುತ್ತಿದ್ದಾನೆ. ಎದುರು ಮನೆಯ ಪೋಲಿಷ್ ಮುದುಕಿ ಬ್ರೋನ್ಯಾ ಇಸ್ತ್ರಿ ಮೇಜು ಇಡುತ್ತಾಳೆ, ಅದಕ್ಕೆ ಒರಗಿಸಿ ಒಂದು ಕೈ ಮುರಿದ ಸಂತ ಅಂತೋಣಿಯ ಮೂರ್ತಿಯನ್ನೂ ನಿಲ್ಲಿಸುತ್ತಾಳೆ. "ಮೇಜಿಗೆ ಹೆದರದ ಮುಂಡೇಮಕ್ಳು ಸಂತನಿಗಾದ್ರೂ ಹೆದರ್ಲಿ" ಅನ್ನುತ್ತಾಳೆ.

ನಮಗೆ ಆ ಜಾಗ ಶೋಕಿಗಲ್ಲ. ಫಿದೆನ್ಸಿಯೊನ ಮೂತ್ರಪಿಂಡಗಳು ಕೈಕೊಟ್ಟು ವರ್ಷಗಳಾದವು. ದಿನ ಬಿಟ್ಟು ದಿನ ಆಸ್ಪತ್ರೆಗೆ ಹೋಗಿ ಮೆಷಿನ್ನಿನಲ್ಲಿ ರಕ್ತ ತೊಳೆಸಿಕೊಂಡು ಬಂದರೆ ಬದುಕು, ಇಲ್ಲದಿದ್ದರೆ ಇಲ್ಲ. ಮಗಳು ನೊಯೆಮಿ ಕಾರಿನಲ್ಲಿ ಒಯ್ದು ಕರೆತರುತ್ತಾಳೆ. ಹಿಂದಿನ ಚಳಿಗಾಲದಲ್ಲಿ, ಕುರ್ಚಿ ಇಡದ ಒಂದು ದಿನ, ಮನೆ ಮುಂದೆ ಜಾಗ ಸಿಗದೆ ಅವಳು ಬೀದಿ ತುದಿಯಲ್ಲಿ ಕಾರು ನಿಲ್ಲಿಸಿದಳು, ಅಪ್ಪನನ್ನು ನಡೆಸಿಕೊಂಡು ಬರುವಾಗ ಅವನು ಜಾರಿಬಿದ್ದ. ಮೂಳೆಗೇನೂ ಆಗಲಿಲ್ಲ, ಆದರೆ ಮನಸ್ಸು ಮುರಿಯಿತು. "ಇನ್ನು ನಾನು ಮೆಷಿನ್ನಿಗೆ ಹೋಗಲ್ಲ, ಬಿಟ್ಬಿಡು ಲಾಲಾ" ಎಂದು ನನಗೆ ಹೇಳಿ ಗೋಡೆ ಕಡೆ ತಿರುಗಿ ಮಲಗಿಬಿಟ್ಟ. ಅತ್ತು, ಬೈದು, ಕೊನೆಗೆ ಪಾದ್ರಿಯನ್ನೇ ಕರೆಸಿ ಎಬ್ಬಿಸಿದೆ. ಅಂದಿನಿಂದ ಹೋಗುತ್ತಾನೆ, ಆದರೆ ನಾನು ಎಳೆದರೆ ಮಾತ್ರ.

ಅವನು ಬಿದ್ದ ಮೇಲೆ ನಾನು ನಗರಸಭೆಗೆ ಹೋಗಿ ಕೇಳಿದ್ದೆ. ಮನೆ ಮುಂದಿನ ಕೈಯಗಲದ ಅಂಗಳಕ್ಕೆ ಕಾಂಕ್ರೀಟು ಹಾಕಿ ಒಂದೇ ಒಂದು ಕಾರು ನಿಲ್ಲಿಸಿಕೊಳ್ಳುತ್ತೇನೆ, ಅಪ್ಪಣೆ ಕೊಡಿ ಅಂತ. ಕಿಟಕಿಯ ಹಿಂದಿದ್ದವನು ಕಡ್ಡಿ ತುಂಡು ಮಾಡಿದ ಹಾಗೆ ಹೇಳಿದ: "ನಿಮ್ಮದು ವಾಸದ ವಲಯ ಕಣಮ್ಮ. ಮುಂದಿನ ಅಂಗಳದಲ್ಲಿ ಕಾರು ನಿಲ್ಸೋ ಹಾಗಿಲ್ಲ. ನಿಯಮ ಅಂದ್ರೆ ನಿಯಮ." ಸರಿಯಪ್ಪ ಅಂತ ಬಂದೆ.

ಈ ಜನವರಿಯಲ್ಲಿ ಬೀದಿ ಮೂಲೆಯ ಮುಚ್ಚಿಹೋದ ಬೂಟು ಕಾರ್ಖಾನೆಯ ಗೋಡೆಗೆ ಒಂದು ಕಿತ್ತಳೆ ಬಣ್ಣದ ನೋಟೀಸು ಬಿತ್ತು. ರೈಲು ನಿಲ್ದಾಣ ಹತ್ತಿರವಿದೆ ಎಂದು ಆ ಮೂಲೆಯ ವಲಯವನ್ನು ಸದ್ದಿಲ್ಲದೆ ಬದಲಾಯಿಸಿದ್ದರು. ಈಗ ಅಲ್ಲಿ ಆರು ಅಂತಸ್ತಿನ ಕಟ್ಟಡ ಬರುತ್ತದೆ. ಕಾರು ನಿಲ್ಲಿಸಲು ಒಂದು ಅಂಗುಲ ಜಾಗವನ್ನೂ ಬಿಡದೆ ಅದನ್ನು ಕಟ್ಟಲು ವಿಶೇಷ ಅನುಮತಿ ಬೇಕಂತೆ, ಅದರ ವಿಚಾರಣೆಯಂತೆ. ಓದಿ ಮೈಯೆಲ್ಲ ಉರಿದುಹೋಯಿತು. ಒಂದು ಕಣ್ಣಿಗೆ ಬೆಣ್ಣೆ, ಇನ್ನೊಂದು ಕಣ್ಣಿಗೆ ಸುಣ್ಣ!

ಮನೆ ಕಟ್ಟಬೇಡಿ ಎನ್ನುವವಳಲ್ಲ ನಾನು. ನನ್ನ ತಂಗಿಯ ಮಗಳೇ ಮಕ್ಕಳನ್ನು ಕಟ್ಟಿಕೊಂಡು ಯಾರದೋ ನೆಲಮಾಳಿಗೆಯಲ್ಲಿ ಇದ್ದಾಳೆ. ಕಟ್ಟಲಿ. ಆದರೆ ಅಲ್ಲಿಗೆ ಬರುವವರೇನು ಹಾರಿಕೊಂಡು ಬರುತ್ತಾರೆಯೇ? ಅವರ ಕಾರುಗಳನ್ನೂ ನಮ್ಮ ಬೀದಿಗೇ ತುಂಬುವುದೆಂದರೆ ನೀರಿಳಿಯದ ಗಂಟಲಲ್ಲಿ ಕಡುಬು ತುರುಕಿದ ಹಾಗೆ. ಬಾಗಿಲಲ್ಲಿ ಜಾಗ ಸಿಗದ ದಿನ ನನ್ನ ಮುದುಕ ಮತ್ತೆ ಗೋಡೆ ಕಡೆ ತಿರುಗಿ ಮಲಗುತ್ತಾನೆ. ಈ ಸಲ ಏಳುವುದಿಲ್ಲ.

ಫೆಬ್ರವರಿಯ ವಿಚಾರಣೆಗೆ ಬೀದಿಗೆ ಬೀದಿಯೇ ಬಸ್ಸು ಹತ್ತಿತು. ಕಾರು ತೆಗೆದರೆ ಜಾಗದ ಚಿಂತೆ, ಅದಕ್ಕೆ. ವಲಯ ಮಂಡಳಿಯ ಅಧ್ಯಕ್ಷೆ ಮಿಸೆಸ್ ಗೇನ್ಸ್, ಹಿಂದೆ ಸಿಟಿ ಬಸ್ಸು ಓಡಿಸುತ್ತಿದ್ದ ಕಪ್ಪು ಹೆಂಗಸು. ಕಟ್ಟುವವರ ಕಡೆಯ ವಕೀಲ ಟಾಲ್ಬಟ್, ಇಸ್ತ್ರಿ ಮುರಿಯದ ಮನುಷ್ಯ. ಅವನು ಅರಿಜೋನಾದಿಂದ ಬಂದಿದ್ದ ಒಬ್ಬ ಸಂಚಾರ ತಜ್ಞನನ್ನು ಎಬ್ಬಿಸಿದ. ಆ ತಜ್ಞ ಪರದೆಯ ಮೇಲೆ ನಮ್ಮ ಬೀದಿಯ ಚಿತ್ರಗಳನ್ನು ಬಿಟ್ಟ.

"ಮಂಗಳವಾರ ಬೆಳಿಗ್ಗೆ ತೆಗೆದದ್ದು. ನೋಡಿ, ಅರ್ಧಕ್ಕರ್ಧ ಜಾಗ ಖಾಲಿ ಇದೆ. ಹೊಸ ಕಟ್ಟಡದ ಕಾರುಗಳು ಇಲ್ಲಿ ಆರಾಮಾಗಿ ಹಿಡಿಸ್ತವೆ."

ಪರದೆಯ ಮೇಲೆ ನನ್ನ ನೀಲಿ ಕುರ್ಚಿ! ಅದರಾಚೆ ಇಸ್ತ್ರಿ ಮೇಜು, ಸಂತ ಅಂತೋಣಿ. ಮುಂದಿನ ಮನೆಯವರ ಬಣ್ಣದ ಡಬ್ಬಿಗಳು, ಪೊರಕೆ, ಒಡೆದ ಟಿವಿ. ಸಭೆಯಲ್ಲಿ ಎದ್ದ ನಗುವಿಗೆ ಮಂಡಳಿಯವರೂ ಬಾಯಿಗೆ ಕೈ ಅಡ್ಡ ಇಟ್ಟುಕೊಂಡರು.

"ಅಯ್ಯೋ ದೇವ್ರೇ, ಸಂತನ್ನೂ ಖಾಲಿ ಲೆಕ್ಕಕ್ಕೆ ಸೇರಿಸ್ಬಿಟ್ಯೇನೋ?" ಎಂದು ಬ್ರೋನ್ಯಾ ಕೂಗಿದಳು.

ಮಿಸೆಸ್ ಗೇನ್ಸ್ ಸುತ್ತಿಗೆ ಬಡಿದು ಅವನನ್ನು ಕೇಳಿದರು, "ಅಲ್ಲಪ್ಪಾ, ಆ ಕುರ್ಚಿಗಳು ಯಾಕಿವೆ ಅಂದ್ಕೊಂಡೆ?"

ತಜ್ಞ ಕೆಂಪಗಾದ. "ಯಾರೋ ಬಿಸಾಕಿದ ಹಳೇ ಸಾಮಾನು ಅಂತ... ಕಸದವರು ಇನ್ನೂ ಬಂದಿಲ್ವೇನೋ ಅಂತ..."

ಪಾಪ, ಹಿಮ ಕಾಣದ ಮರಳುಗಾಡಿನ ಮಗು. ಆದರೆ ಟಾಲ್ಬಟ್ ನಗಲಿಲ್ಲ. ಅವನು ಕೋಟಿನ ಗುಂಡಿ ಹಾಕಿಕೊಂಡು ಎದ್ದ. "ಅಧ್ಯಕ್ಷರೇ, ನಗು ಆಯ್ತಲ್ಲ, ಈಗ ಕಾನೂನು ನೋಡೋಣ. ಬೀದಿ ಸಾರ್ವಜನಿಕರದ್ದು. ಅಲ್ಲಿ ಕುರ್ಚಿ ಇಟ್ಟವರಿಗೆ ಯಾವ ಹಕ್ಕೂ ಇಲ್ಲ. ಕಾನೂನಿನ ಕಣ್ಣಲ್ಲಿ ಆ ಜಾಗ ಖಾಲೀನೇ. ಯಾರು ಬೇಕಾದ್ರೂ ಕುರ್ಚಿ ಎತ್ತಿಟ್ಟು ಕಾರು ನಿಲ್ಲಿಸ್ಬಹುದು."

ನಗು ಆರಿಹೋಯಿತು, ಏಕೆಂದರೆ ಅವನು ಹೇಳಿದ್ದು ಸುಳ್ಳಲ್ಲ. ಆಗ ನನ್ನ ಹೆಸರು ಕರೆದರು. ಎದ್ದು ಹೋಗಿ ಮೈಕನ್ನು ನನ್ನ ಎತ್ತರಕ್ಕೆ ಎಳೆದುಕೊಂಡೆ.

"ನಾನು ಎವ್ಲಾಲಿಯಾ ಬೆರೂಮೆನ್. ಆ ನೀಲಿ ಕುರ್ಚಿ ನಂದು. ವಕೀಲರು ಹೇಳಿದ್ದು ಸರಿ, ನಂಗೆ ಹಕ್ಕಿಲ್ಲ. ನಮ್ಮಂಗಳದಲ್ಲಿ ಒಂದು ಕಾರು ನಿಲ್ಸೋಕೆ ಕೇಳಿದಾಗ್ಲೂ ಹಿಂಗೇ ಹೇಳಿದ್ರಿ, ನಿಯಮ ಅಂದ್ರೆ ನಿಯಮ ಅಂತ. ಇವ್ರಿಗೆ ಮಾತ್ರ ಅದೇ ನಿಯಮ ಹಿಟ್ಟಿನ ಥರ, ಹೆಂಗ್ ಬೇಕಾದ್ರೂ ನಾದ್ಬಹುದು! ಆ ಮಂಗಳವಾರ ಬೆಳಿಗ್ಗೆ ಆ ಜಾಗ ಖಾಲಿ ಇರ್ಲಿಲ್ಲ ಸ್ವಾಮಿ. ಆ ಹೊತ್ತಲ್ಲಿ ನನ್ ಗಂಡನ ರಕ್ತ ಮೆಷಿನ್ನಲ್ಲಿ ಓಡ್ತಿತ್ತು. ಕುರ್ಚಿ ಇದೆ ಅಂದ್ರೆ ಮನುಷ್ಯ ಇನ್ನೂ ವಾಪಸ್ ಬರೋನಿದಾನೆ ಅಂತ ಅರ್ಥ. ಯಾರ್ ಬೇಕಾದ್ರೂ ಎತ್ತಿಡಬಹುದು ಅಂದ್ರಲ್ಲ ವಕೀಲರೇ, ಬನ್ನಿ, ನೀವೇ ಬಂದು ಎತ್ತಿಡಿ. ನಾನು ಕಿಟಕೀಲಿ ನಿಂತ್ಕೊಂಡು ನೋಡ್ತೀನಿ."

ನನ್ನ ಹೊತ್ತು ಮುಗಿಯಿತೆಂದು ಕೆಂಪು ದೀಪ ಹತ್ತಿತು. ನನಗೂ ಹೇಳಲು ಇನ್ನೇನೂ ಉಳಿದಿರಲಿಲ್ಲ.

ಮಂಡಳಿ ಅಂದು ತೀರ್ಪು ಕೊಡಲಿಲ್ಲ. "ಮುಂದಿನ ವಿಚಾರಣೆಯೊಳಗೆ ಆ ಬೀದಿಗೆ ಹೋಗಿ ಜನರ ಹತ್ರ ಕೂತು ಮಾತಾಡ್ಕೊಂಡು ಬನ್ನಿ" ಎಂದು ಮಿಸೆಸ್ ಗೇನ್ಸ್ ಟಾಲ್ಬಟ್‌ಗೆ ಹೇಳಿ ಮುಂದೂಡಿದರು.

ಮಾರ್ಚಿನಲ್ಲಿ, ಇನ್ನು ಚಳಿ ಮುಗಿಯಿತು ಎಂದು ಎಲ್ಲರೂ ಸಲಿಕೆ ಒಳಗಿಟ್ಟ ಮೇಲೆ, ಮತ್ತೆ ಮಂಡಿಯುದ್ದ ಹಿಮ ಸುರಿಯಿತು. ಟಾಲ್ಬಟ್ ಫೋನು ಮಾಡಿ ಬರುತ್ತೇನೆಂದಿದ್ದು ಅದರ ಮಾರನೇ ದಿನ ಮಧ್ಯಾಹ್ನಕ್ಕೆ. ನಾನು ಮೆಕ್ಕೆಜೋಳದ ಹಿಟ್ಟು ಹಾಕಿ ಚಾಕೊಲೇಟ್ ಕುದಿಸುತ್ತಿದ್ದೆ. ಬ್ರೋನ್ಯಾ ಹೇಳದೆ ಕೇಳದೆ ಬಂದು ಕೂತಿದ್ದಳು. ನೊಯೆಮಿ ಕಾರು ತೆಗೆದುಕೊಂಡು ಕೆಲಸಕ್ಕೆ ಹೋಗಿದ್ದಳು. ಮನೆ ಮುಂದೆ ಕುರ್ಚಿ ಇತ್ತು.

"ಬಂದ, ಬಂದ" ಎಂದ ಫಿದೆನ್ಸಿಯೊ, ಕಿಟಕಿಯ ಬಳಿಯಿಂದ.

ಉದ್ದನೆಯ ಕರಿ ಕಾರು ನಿಧಾನಕ್ಕೆ ಬಂದು, ನಮ್ಮ ಮನೆ ದಾಟಿ, ತುದಿಯಲ್ಲಿ ತಿರುಗಿ ಮತ್ತೆ ಬಂತು. ಇಡೀ ಬೀದಿಯಲ್ಲಿ ಕಾರಿದ್ದ ಕಡೆ ಕಾರು, ಇಲ್ಲದ ಕಡೆ ಕುರ್ಚಿ. ಇನ್ನೊಂದು ಸುತ್ತು. ಆಮೇಲೆ ನಮ್ಮ ಬಾಗಿಲಿಗೇ ಬಂದು ನಿಂತಿತು. ಟಾಲ್ಬಟ್ ಇಳಿದು ಕುರ್ಚಿಯ ಮುಂದೆ ನಿಂತ. ಎದುರು ಮನೆಗಳ ಪರದೆಗಳು ಒಂದೊಂದಾಗಿ ಅಲುಗಾಡಿದವು. ಅವನು ಕುರ್ಚಿಯ ಬೆನ್ನಿಗೆ ಕೈ ಚಾಚಿದ.

"ಮುಟ್ಟು, ಮುಟ್ಟು ನೋಡೋಣ" ಎಂದು ಬ್ರೋನ್ಯಾ ಹಲ್ಲು ಕಡಿದಳು.

ಅವನ ಕೈ ಹಾಗೇ ನಿಂತಿತು. ಸುತ್ತಿದ ಟೇಪನ್ನು ನೋಡಿದ, ಹಿಮ ಕೆರೆದ ಜಾಗದ ಅಂಚಿನಲ್ಲಿ ಎತ್ತರಕ್ಕೆ ಪೇರಿಸಿದ ಗುಡ್ಡೆಯನ್ನು ನೋಡಿದ. ಕೈ ಹಿಂದಕ್ಕೆಳೆದು ಕಾರು ಹತ್ತಿ ಹೊರಟುಹೋದ.

ಅವನು ನಮ್ಮ ಬಾಗಿಲು ತಟ್ಟುವಾಗ ಚಾಕೊಲೇಟ್ ತಣ್ಣಗಾಗಿ ಮತ್ತೆ ಬಿಸಿ ಮಾಡಿಯಾಗಿತ್ತು. ರೈಲು ನಿಲ್ದಾಣದ ಆಚೆ ಎಲ್ಲೋ ಕಾರು ನಿಲ್ಲಿಸಿ ನಡೆದು ಬಂದಿದ್ದನಂತೆ. ಬೂಟಿನೊಳಗೆ ನೀರು ಪಚಪಚ ಎನ್ನುತ್ತಿತ್ತು. ನಾನು ಬೂಟು ಬಿಚ್ಚಿಸಿ, ಹೀಟರಿನ ಮೇಲಿಟ್ಟು, ಫಿದೆನ್ಸಿಯೊನ ಉಣ್ಣೆ ಕಾಲುಚೀಲ ಕೊಟ್ಟೆ. ಜಗಳ ಬೇರೆ, ಮನೆಗೆ ಬಂದವರು ಬೇರೆ.

"ಬೀದಿಯುದ್ದಕ್ಕೂ ಗಿಡ ನೆಡಿಸ್ತೀವಿ, ಒಳ್ಳೊಳ್ಳೆ ಬೆಂಚು ಹಾಕಿಸ್ತೀವಿ" ಎಂದು ಶುರುಮಾಡಿದ.

"ಬೆಂಚಾ? ಭೇಷ್" ಎಂದಳು ಬ್ರೋನ್ಯಾ. "ಕುರ್ಚಿ ಬದ್ಲು ಅದನ್ನೇ ಇಡ್ತೀವಿ. ಕಾರೇನು, ಬಸ್ಸಿನ ಜಾಗಾನೇ ಹಿಡೀಬಹುದು."

ಫಿದೆನ್ಸಿಯೊ ಕುರಿಯಷ್ಟು ಸಾಧುವಾಗಿ ಕೇಳಿದ, "ಅಲ್ಲಾ ವಕೀಲ್ರೇ, ಅಷ್ಟು ದೂರದಿಂದ ಯಾಕೆ ನಡ್ಕೊಂಡು ಬಂದ್ರಿ? ನಮ್ಮನೆ ಮುಂದೇನೇ ಜಾಗ ಖಾಲಿ ಇತ್ತಲ್ಲ?"

ಟಾಲ್ಬಟ್ ಲೋಟ ಕೆಳಗಿಟ್ಟ. ತನ್ನ ಕಾಲಿನಲ್ಲಿದ್ದ ಬೇರೆಯವರ ಕಾಲುಚೀಲವನ್ನೇ ನೋಡಿದ.

"ಖಾಲಿ ಇರ್ಲಿಲ್ಲ" ಎಂದ.

ಬ್ರೋನ್ಯಾ ಶಿಲುಬೆಯ ಗುರುತು ಹಾಕಿಕೊಂಡಳು. ನನಗೆ ಕುಣಿಯಬೇಕೆನಿಸಿತು, ಕುಣಿಯಲಿಲ್ಲ.

"ಇದೇ ಮಾತು ಮಿಸೆಸ್ ಗೇನ್ಸ್ ಮುಂದೆ, ಆ ಮೈಕಲ್ಲಿ ಹೇಳಿ" ಎಂದೆ. "ಜೊತೆಗೆ ನೆಲಮಾಳಿಗೇಲಿ ಕಾರು ನಿಲ್ಸೋ ನಕ್ಷೆ ತನ್ನಿ. ಆಮೇಲೆ ಎಷ್ಟು ಅಂತಸ್ತು ಬೇಕೋ ಕಟ್ಕೊಳ್ಳಿ, ನಾನೇ ಬಂದು ಹೂಂ ಅಂತೀನಿ. ಗಿಡ, ಬೆಂಚು ಅಂತ ಬಂದ್ರೆ ಇಡೀ ಬೀದಿ ಬರುತ್ತೆ, ಈ ಸಲ ಕುರ್ಚಿ ಹೊತ್ಕೊಂಡು."

"ಮೇಲಿನವರನ್ನ ಕೇಳ್ಬೇಕು" ಎಂದ.

"ಕೇಳಿ. ಅವ್ರನ್ನೂ ಕರ್ಕೊಂಡ್ ಬನ್ನಿ, ಜಾಗ ಹುಡುಕ್ಲಿ."

ಅವನು ಇನ್ನೂ ಒದ್ದೆಯಾಗಿದ್ದ ಬೂಟು ಮೆಟ್ಟಿಕೊಂಡು ಮೆಟ್ಟಿಲಿಳಿಯುವ ಹೊತ್ತಿಗೆ ನೊಯೆಮಿ ಬಂದಳು. ಕಾರಿನಿಂದಿಳಿದು, ಕುರ್ಚಿಯನ್ನು ಒಂದೇ ಕೈಯಲ್ಲಿ ಎತ್ತಿ ಕಾಲುದಾರಿಯ ಮೇಲಿಟ್ಟು, ಕಾರನ್ನು ಬಾಗಿಲಿಗೆ ನೇರವಾಗಿ ನಿಲ್ಲಿಸಿದಳು. ಟಾಲ್ಬಟ್ ಅಲ್ಲೇ ನಿಂತು ಅಷ್ಟನ್ನೂ ನೋಡಿ, ಜಾರದಂತೆ ಹೆಜ್ಜೆ ಇಡುತ್ತ ನಿಲ್ದಾಣದ ಕಡೆ ಹೋದ.

ಫಿದೆನ್ಸಿಯೊ ಕಿಟಕಿಯಿಂದ ಕಣ್ಣು ತೆಗೆಯಲಿಲ್ಲ. ಭುಜ ಕುಣಿಸಿಕೊಂಡು ನಗುತ್ತಿದ್ದ. ಆಮೇಲೆ ನನ್ನ ಕಡೆ ತಿರುಗಿದ.

"ನಾಳೆ ಮೆಷಿನ್ನಿಗೆ ಎಷ್ಟು ಹೊತ್ತಿಗೆ ಹೊರಡೋದೇ ಲಾಲಾ?"

ಬಿದ್ದ ದಿನದಿಂದ ಅವನಾಗಿಯೇ ಈ ಮಾತು ಕೇಳಿರಲಿಲ್ಲ. ನಾನು ಲೋಟಗಳನ್ನು ಎತ್ತಿಕೊಂಡೆ.

"ಬೆಳಿಗ್ಗೆ ಏಳಕ್ಕೆ ಕಣೋ ಮುದುಕಾ. ಕಾರು ಬಾಗಿಲಲ್ಲೇ ಇದೆ."