ಕ್ಯಾಪ್ಟನ್ ತೋರಿಸಿದ ಎರಡು ಬೆರಳು

ಹೊಸಪೇಟೆಗೆ ರಗ್ಬಿ ಬಂದು ಇನ್ನೂ ಎರಡನೇ ವರ್ಷ. ಗಣಿ ಮಾಲೀಕರೊಬ್ಬರು ಆಟಗಾರರಿಗೆ ಸಂಬಳ ಗೊತ್ತುಮಾಡಿ ಒಂದು ತಂಡ ಕಟ್ಟಿ, ಎಂಟು ಊರುಗಳ ಲೀಗಿಗೆ ಸೇರಿಸಿದ್ದರು. ಮೊದಲ ವರ್ಷ ತಂಡಕ್ಕೆ ಕೊನೆಯ ಸ್ಥಾನ. ಆಗೆಲ್ಲ ಜನ ಸ್ಟೇಡಿಯಮ್ಮಿಗೆ ಮಂಡಕ್ಕಿ, ಮಿರ್ಚಿ ಕಟ್ಟಿಸಿಕೊಂಡು ಬರುತ್ತಿದ್ದದ್ದು, ಹದಿನೈದು ಮಂದಿಯ ಮೇಲೆ ಹದಿನೈದು ಮಂದಿ ಬೀಳುವುದನ್ನು ನೋಡಿ ನಗುವುದಕ್ಕೆ. ಎರಡನೇ ವರ್ಷ ತಂಡ ಮೊದಲ ಮೂರು ಪಂದ್ಯ ಗೆದ್ದಿತು. ನಗು ನಿಂತಿತು. ಬಸ್ ಸ್ಟ್ಯಾಂಡಿನ ಹಣ್ಣಿನವರಿಗೂ ಸ್ಕ್ರಮ್ ಎಂದರೆ ಏನೆಂದು ತಿಳಿಯಿತು: ಎರಡೂ ಕಡೆಯ ಎಂಟೆಂಟು ಜನ ಬಾಗಿ, ಹೆಗಲಿಗೆ ಹೆಗಲು ಕೊಟ್ಟು, ಚೆಂಡಿಗಾಗಿ ಗೂಳಿಗಳ ಹಾಗೆ ನೂಕಾಡುವುದು.

ಆ ನೂಕಾಟದಲ್ಲಿ ತಂಡದ ಬಲವೆಲ್ಲ ಇದ್ದದ್ದು ಬಂಡ್ರಿಯ ರಾಮಾಂಜಿನಿಯ ಹೆಗಲಲ್ಲಿ. ಅವನನ್ನು ಆಟಕ್ಕೆ ತಂದವನು ಕ್ಯಾಪ್ಟನ್ ಶಂಭುಲಿಂಗ. ಕಂಪ್ಲಿಯ ಅಕ್ಕಿ ಗಿರಣಿ ಅಂದಾನಪ್ಪನವರ ಮಗ. ಪುಣೆಯಲ್ಲಿ ಓದುವಾಗ ರಗ್ಬಿ ಕಲಿತವನು. ಸಂಡೂರಿನಲ್ಲಿ ಒಮ್ಮೆ ಗುಂಡುಕಲ್ಲು ಎತ್ತುವ ಪಂದ್ಯ ನೋಡಲು ನಿಂತಾಗ, ಅದಿರಿನ ಲಾರಿಗೆ ಮಣ್ಣು ತುಂಬುವ ಈ ಹುಡುಗ ಕಲ್ಲನ್ನು ಕೂಸಿನ ಹಾಗೆ ಎದೆಗವಚಿಕೊಂಡು ಎತ್ತಿದ್ದನ್ನು ಕಂಡಿದ್ದ. ಮರುದಿನವೇ ಬಂಡ್ರಿಗೆ ಹೋಗಿ ಅವನ ತಾಯಿ ದುರುಗವ್ವನ ಮುಂದೆ ಕುಳಿತಿದ್ದ.

"ಅವ್ವಾ, ಇವ ನನ್ನ ತಮ್ಮ ಇದ್ದಂಗ. ನಾ ನೋಡ್ಕೊಂತೀನಿ," ಎಂದಿದ್ದ.

ಗಂಡನನ್ನು ಗಣಿಯ ಕೆಲಸದಲ್ಲೇ ಕಳೆದುಕೊಂಡಿದ್ದ ದುರುಗವ್ವ ಮಗನ ಮುಖ ನೋಡಿ, ಇವನ ಮುಖ ನೋಡಿ, "ನೋಡ್ಕೊಳ್ರಿ ಹಂಗಾದ್ರ," ಎಂದು ಒಪ್ಪಿದ್ದಳು.

ಲೀಗಿನ ಏಳನೇ ಪಂದ್ಯ ಹೊಸಪೇಟೆಯಲ್ಲೇ ನಡೆಯಿತು. ಗೆದ್ದರೆ ಸೆಮಿಫೈನಲ್, ಸೋತರೆ ಮನೆ. ಹದಿನೈದು ನಿಮಿಷ ಉಳಿದಿರುವಾಗ ತಂಡ ಎರಡೇ ಪಾಯಿಂಟಿನಿಂದ ಮುಂದಿತ್ತು. ಎದುರಾಳಿಯೊಬ್ಬನನ್ನು ತಡೆಯಲು ರಾಮಾಂಜಿನಿ ತಗ್ಗಿ ನುಗ್ಗಿದ. ಅವನ ಮೊಣಕಾಲು ಇವನ ಕಪಾಲಕ್ಕೆ ಬಡಿಯಿತು. ಚೆಂಡು ಆಚೆ ಹೋಯಿತು; ಕ್ಯಾಮೆರಾ, ರೆಫರಿ, ಜನ ಎಲ್ಲರೂ ಚೆಂಡಿನ ಹಿಂದೆ ಹೋದರು. ಪಕ್ಕದಲ್ಲಿ ಉಳಿದವನು ಶಂಭುಲಿಂಗ ಒಬ್ಬನೇ. ರಾಮಾಂಜಿನಿಯ ಕಣ್ಣುಗಳು ತೆರೆದೇ ಇದ್ದವು, ಆದರೆ ಅವುಗಳಲ್ಲಿ ಅವನಿರಲಿಲ್ಲ. ಐದಾರು ಎಣಿಸುವಷ್ಟು ಹೊತ್ತು ಹಾಗೇ ಇದ್ದ. ಆಮೇಲೆ ಕೆಮ್ಮಿ ಎದ್ದು ಕೂತ.

ತಂಡದ ಫಿಸಿಯೊ ಸ್ನೇಹಾ ಓಡಿ ಬಂದಳು. ಕುರೆಕುಪ್ಪದವಳು, ಅವಳ ಅಪ್ಪ ಉಕ್ಕಿನ ಕಾರ್ಖಾನೆಯಲ್ಲಿ ಫಿಟ್ಟರ್. ಆಟಗಾರರ ಮೊಣಕಾಲು, ಹೆಗಲು, ತಲೆ ಎಲ್ಲದರ ಹೊಣೆ ಅವಳದು. ತಲೆಗೆ ಪೆಟ್ಟು ಬಿದ್ದು ಎಚ್ಚರ ತಪ್ಪಿದರೆ ಆಟಗಾರ ಹೊರಗೆ ಹೋಗಬೇಕು, ಹನ್ನೆರಡು ದಿನ ಅಂಗಳಕ್ಕೆ ಕಾಲಿಡಬಾರದು ಎಂಬುದು ನಿಯಮ.

"ಎಚ್ಚರ ತಪ್ಪಿತ್ತೇನ್ರಿ ಶಂಭು ಸರ್?" ಎಂದು ಕೇಳಿದಳು.

"ಇಲ್ಲ ಮೇಡಂ. ಉಸಿರು ಕಟ್ಟಿತ್ತು, ಅಷ್ಟ."

ಅವಳು ರಾಮಾಂಜಿನಿಯ ಮುಂದೆ ಮಂಡಿಯೂರಿ, ತಲೆಗೆ ಪೆಟ್ಟಾದವರಿಗೆ ಕೇಳುವ ಪದ್ಧತಿಯ ಪ್ರಶ್ನೆ ಶುರುಮಾಡಿದಳು. "ಇದು ಯಾವ ಗ್ರೌಂಡ್?"

"ಹೊಸಪೇಟಿ."

"ಈಗ ಯಾವ ಹಾಫ್ ನಡದೈತಿ?"

ರಾಮಾಂಜಿನಿ ಮಗ್ಗಿ ಮರೆತ ಹುಡುಗನ ಹಾಗೆ ಅತ್ತಿತ್ತ ನೋಡಿದ. ಸ್ನೇಹಾಳ ಬೆನ್ನ ಹಿಂದೆ ನಿಂತಿದ್ದ ಶಂಭುಲಿಂಗ ಸೊಂಟದ ಹತ್ತಿರ ಎರಡು ಬೆರಳು ಚಾಚಿದ.

"ಎರಡನೇದು," ಎಂದ ರಾಮಾಂಜಿನಿ.

"ಕೊನೀಗೆ ಪಾಯಿಂಟ್ ತಗಂಡಿದ್ದು ಯಾರು?"

ಶಂಭುಲಿಂಗ ತನ್ನ ಎದೆ ಮುಟ್ಟಿಕೊಂಡ.

"ನಾವು."

ರಾಮಾಂಜಿನಿ ಮತ್ತೆ ಸ್ಕ್ರಮ್ಮಿಗೆ ಹೆಗಲು ಕೊಟ್ಟ. ತಂಡ ಎರಡು ಪಾಯಿಂಟಿನಿಂದಲೇ ಗೆದ್ದಿತು. ಜನ ಅಂಗಳಕ್ಕೆ ನುಗ್ಗಿ ಕ್ಯಾಪ್ಟನ್ನನ್ನು ಎತ್ತಿಕೊಂಡರು. ಅವರ ಹೆಗಲ ಮೇಲಿನಿಂದ ಅವನು ನೋಡಿದರೆ, ರಾಮಾಂಜಿನಿ ಎದುರಾಳಿಗಳ ಬೆಂಚಿನ ಮೇಲೆ ಹೋಗಿ ಕುಳಿತಿದ್ದ, ತನ್ನವರ ಬೆಂಚು ಎಂದು ತಿಳಿದು.

ಸೆಮಿಫೈನಲ್ಲಿಗೆ ಒಂಬತ್ತು ದಿನವಿತ್ತು. ಮೂರನೇ ದಿನ ರಾಮಾಂಜಿನಿ ಊಟದ ತಟ್ಟೆ ಬಿಟ್ಟು ಬಂದು, "ಅಣ್ಣಾ, ಬೆಳಕು ಕಣ್ಣಿಗೆ ಚುಚ್ಚತೈತಿ," ಎಂದ. ಶಂಭುಲಿಂಗ ತನ್ನ ಕಪ್ಪು ಕನ್ನಡಕ ತೆಗೆದು ಅವನಿಗೆ ಹಾಕಿದ. "ಎರಡು ದಿನದಾಗ ಹೋಗತೈತಿ. ಮೇಡಂಗೆ ಹೇಳಬ್ಯಾಡ, ಸುಮ್ಮನ ಕುಂದ್ರಸ್ತಾರ." ರಾಮಾಂಜಿನಿ ತಲೆಯಾಡಿಸಿದ. ಅಣ್ಣನ ಕನ್ನಡಕ ಸಿಕ್ಕಿತೆಂದು ಅವನಿಗೆ ಸಂತೋಷವೇ ಆಗಿತ್ತು. ಊಟದ ಮನೆಯೊಳಗೂ ಹಾಕಿಕೊಂಡೇ ಓಡಾಡಿದ.

ಸೆಮಿಫೈನಲ್ಲಿನ ಇಪ್ಪತ್ತನೇ ನಿಮಿಷದಲ್ಲಿ ಯಾರೋ ಒಬ್ಬ ಅವನ ಎದೆಗೆ ಹಾಯ್ದ. ದಿನಕ್ಕೆ ನೂರು ಸಲ ಆಗುವಂಥ ಸಾಧಾರಣ ಡಿಕ್ಕಿ. ರಾಮಾಂಜಿನಿ ಬಿದ್ದವನು ವಾಂತಿ ಮಾಡಿಕೊಂಡ, ಮತ್ತೆ ಏಳಲಿಲ್ಲ. ಮಿದುಳಿನಲ್ಲಿ ರಕ್ತ ಹೆಪ್ಪುಗಟ್ಟಿದೆ ಎಂದು ಆಸ್ಪತ್ರೆಯಲ್ಲಿ ತಲೆ ತೆರೆದು ಆಪರೇಷನ್ ಮಾಡಿದರು. ಜೀವ ಉಳಿಯಿತು. ಬಲಗೈ ಸ್ವಾಧೀನ ತಪ್ಪಿತು, ಮಾತು ತೊದಲಿತು.

ಲೀಗಿನ ಮೂವರು ವಿಚಾರಣೆಗೆ ಹೊಸಪೇಟೆಗೆ ಬಂದರು. ಹೋಟೆಲಿನ ಕೋಣೆಯಲ್ಲಿ ಉದ್ದನೆಯ ಮೇಜಿನ ಆಚೆ ಅವರು, ಈಚೆ ಸ್ನೇಹಾ, ಶಂಭುಲಿಂಗ.

"ಏಳನೇ ಪಂದ್ಯದಾಗ ಪೆಟ್ಟು ಬಿದ್ದಾಗ ನಾ ಕ್ಯಾಪ್ಟನ್ ಅವರನ್ನ ಕೇಳಿದ್ನಿ. ಎಚ್ಚರ ತಪ್ಪಿಲ್ಲ ಅಂದ್ರು," ಎಂದಳು ಸ್ನೇಹಾ.

"ಕೇಳಿದ್ದರೇ?" ಎಂದರು ಮೂವರಲ್ಲಿ ಒಬ್ಬರು, ಶಂಭುಲಿಂಗನ ಕಡೆ ತಿರುಗಿ.

ಹೌದು ಎನ್ನಲಿಕ್ಕೆ ಬಾಯಿ ತೆರೆದಿದ್ದ. ಬಾಯಿಂದ ಬಂದದ್ದು, "ನೆನಪಿಲ್ಲ ಸರ್. ಗದ್ದಲ ಭಾಳ ಇತ್ತು."

ಸ್ನೇಹಾ ಅವನತ್ತ ನೋಡಿದಳು. ಸಿಟ್ಟಿನಿಂದಲ್ಲ. ಇನ್ನೊಂದು ಗಳಿಗೆ ಕಾದರೆ ಇವರಿಗೆ ನೆನಪಾಗಬಹುದು ಎಂಬಂತೆ ಕಾದಳು. ಅವನು ಮೇಜಿನ ಮೇಲಿದ್ದ ನೀರಿನ ಬಾಟಲಿಯನ್ನು ನೋಡುತ್ತ ಕುಳಿತ. ವಾರದೊಳಗೆ ಅವಳನ್ನು ಕೆಲಸದಿಂದ ತೆಗೆದರು.

ಸೆಮಿಫೈನಲ್ ಹೇಗೋ ಗೆದ್ದಿದ್ದ ತಂಡ ಫೈನಲ್ಲಿನಲ್ಲಿ ಹೀನಾಯವಾಗಿ ಸೋತಿತು. ಆದರೆ ಸೀಸನ್ನಿನಲ್ಲಿ ಅತಿ ಪ್ರಾಮಾಣಿಕವಾಗಿ ಆಡಿದ ಕ್ಯಾಪ್ಟನ್ ಎಂದು ರೆಫರಿಗಳೆಲ್ಲ ಸೇರಿ ಶಂಭುಲಿಂಗನಿಗೆ ಒಂದು ಕಪ್ ಕೊಟ್ಟರು. ಅಂದಾನಪ್ಪ ಅದನ್ನು ಗಿರಣಿಯ ಗದ್ದುಗೆಯ ಪಕ್ಕ, ಬಸವಣ್ಣನ ಪಟದ ಕೆಳಗೆ ಇಟ್ಟರು. ಭತ್ತ ತಂದವರಿಗೆಲ್ಲ, "ಗೆದ್ದವರಿಗೆ ಕಪ್ ಎಲ್ಲಾರೂ ಕೊಡ್ತಾರ. ಇದು ಖರೇತನಕ್ಕ ಕೊಟ್ಟದ್ದು," ಎನ್ನುತ್ತಿದ್ದರು. ಶಂಭುಲಿಂಗ ಗಿರಣಿಗೆ ಹಿಂಬಾಗಿಲಿನಿಂದ ಹೋಗುವುದನ್ನು ರೂಢಿಮಾಡಿಕೊಂಡ.

ಬಂಡ್ರಿಗೆ ಹೋಗಲು ಮಾತ್ರ ಕಾಲು ಏಳಲಿಲ್ಲ. ಆಸ್ಪತ್ರೆಯಲ್ಲಿ ಒಮ್ಮೆ ಬಾಗಿಲವರೆಗೆ ಹೋಗಿ ತಿರುಗಿ ಬಂದಿದ್ದ. ಮೂರು ತಿಂಗಳಾದ ಮೇಲೆ ದುರುಗವ್ವನೇ ಫೋನು ಮಾಡಿದಳು. "ಅವಾ ದಿನಾ ಅಣ್ಣ ಯಾವಾಗ ಬರ್ತಾನ ಅಂತಾನ. ಒಂದೀಟು ಬಂದು ಹೋಗ್ರಿ ಯಪ್ಪಾ."

ಅವನು ಹೋದಾಗ ರಾಮಾಂಜಿನಿ ಬೇವಿನ ಮರದ ಕೆಳಗೆ ಹೊರಸಿನ ಮೇಲಿದ್ದ. ಅರ್ಧ ಮೈ ಕರಗಿತ್ತು. "ಅಣ್ಣಾ, ಕುಂ... ಕುಂದ್ರು," ಎಂದು ಪಕ್ಕಕ್ಕೆ ಸರಿದು ಜಾಗ ಮಾಡಿದ. ದುರುಗವ್ವ ಬಿಸಿ ರೊಟ್ಟಿ, ಪುಂಡಿಪಲ್ಯ ತಂದಿಟ್ಟಳು. ಸೆರಗಿನಿಂದ ಶಂಭುಲಿಂಗನಿಗೆ ಗಾಳಿ ಹಾಕುತ್ತ ಕುಳಿತಳು.

"ನೀವು ಇದ್ರಿ ಅಂತ ಜೀವ ಉಳೀತು," ಎಂದಳು. "ಆ ಡಾಕ್ಟರಮ್ಮ ನೆಟ್ಟಗ ನೋಡಿದ್ರ ಹಿಂಗ ಆಗ್ತಿದ್ದಿಲ್ಲಂತ. ಎಲ್ಲಾರೂ ಹೇಳಿದ್ರು. ನಾ ದಿನಾ ಮುಂಜಾನಿ ಎದ್ದು ಒಲಿ ಹಚ್ಚಂಗಿಲ್ರಿ, ಮೊದಲು ಆಕೀಗೆ ಶಾಪ ಹಾಕ್ತೀನಿ. ಆಕೀ ಕೈಯೂ ಹಿಂಗ ಬಿದ್ದು ಹೋಗ್ಲಿ ಅಂತೀನಿ."

ಶಂಭುಲಿಂಗ ತಟ್ಟೆಯನ್ನು ಕೆಳಗಿಟ್ಟ.

"ಆಕೀದು ತಪ್ಪಿಲ್ಲವ್ವಾ. ನಂದು," ಎಂದ.

ಒಮ್ಮೆ ಶುರುವಾದ ಮೇಲೆ ಮಾತು ತಾನಾಗಿಯೇ ಬಂತು. ಕಣ್ಣು ನಿಂತದ್ದು, ತಾನು ಇಲ್ಲವೆಂದದ್ದು, ಬೆರಳು ತೋರಿಸಿದ್ದು, ಕನ್ನಡಕ ಕೊಟ್ಟು ಬಾಯಿ ಮುಚ್ಚಿಸಿದ್ದು, ಕೊನೆಗೆ ನೆನಪಿಲ್ಲ ಎಂದದ್ದು. ಹೇಳುವಾಗ ನೆಲದ ಮೇಲಿನ ಒಂದು ಬೇವಿನ ಕಾಯನ್ನೇ ನೋಡುತ್ತಿದ್ದ. ದುರುಗವ್ವನ ಸೆರಗಿನ ಗಾಳಿ ಯಾವಾಗ ನಿಂತಿತೋ ಗೊತ್ತಾಗಲಿಲ್ಲ.

ಅವಳು ಮಗನ ಕಡೆ ತಿರುಗಿದಳು. "ಖರೇನೇನೋ?"

"ನನಗ ನೆ... ನೆಪ್ಪಿಲ್ಲವ್ವ," ಎಂದ ರಾಮಾಂಜಿನಿ. ಅವನಿಗೆ ನಿಜವಾಗಿಯೂ ನೆನಪಿರಲಿಲ್ಲ.

ಬೈಯುತ್ತಾಳೆ, ಎದೆ ಬಡಿದುಕೊಳ್ಳುತ್ತಾಳೆ ಎಂದು ಶಂಭುಲಿಂಗ ಕಾದ. ಬೈದರೆ ಅರ್ಧ ಭಾರ ಇಳಿಯುತ್ತಿತ್ತೇನೋ. ದುರುಗವ್ವ ತನ್ನ ಅಂಗೈಯನ್ನು ನೋಡಿಕೊಂಡಳು. ಆಮೇಲೆ, "ಹಂಗಾದ್ರ ನಾ ಮೂರು ತಿಂಗಳು ಪಾಪ ಮಾಡದಾಕೀಗೆ ಶಾಪ ಹಾಕೀನಿ," ಎಂದಳು. "ಆ ಹುಡುಗಿ ಊರು ಯಾವುದು?"

"ಕುರೆಕುಪ್ಪ."

"ಏಳ್ರಿ. ಕರಕೊಂಡು ನಡೀರಿ."

ಸಂಡೂರು ದಾಟಿ, ತೋರಣಗಲ್ಲಿನ ಕಡೆಗೆ ಅದಿರಿನ ಲಾರಿಗಳ ಹಿಂದೆ ಹಿಂದೆ ಕಾರು ಸಾಗಿತು. ಹಿಂದಿನ ಸೀಟಿನಲ್ಲಿ ತಾಯಿ, ಮಗ. ಸ್ನೇಹಾ ಮನೆಯ ಮುಂದಿನ ಕೋಣೆಯಲ್ಲೇ ಒಂದು ಮಂಚ ಹಾಕಿಕೊಂಡು ಕಾರ್ಖಾನೆಯವರ ಸೊಂಟನೋವು, ಕುತ್ತಿಗೆನೋವು ನೋಡುತ್ತಿದ್ದಳು. ಮೂವರನ್ನು ಕಂಡು ಎದ್ದು ನಿಂತಳು. ದುರುಗವ್ವ ಹೊಸ್ತಿಲಲ್ಲೇ ಅವಳ ಎರಡೂ ಕೈ ಹಿಡಿದು, "ತಾಯೀ, ನಿನಗ ಶಾಪ ಹಾಕೀನಿ. ಯಾವುದೂ ನಿನಗ ತಟ್ಟಬಾರದು. ಹೊಟ್ಯಾಗ ಹಾಕ್ಕೋ," ಎಂದು ಅತ್ತಳು.

ಸ್ನೇಹಾ ಮೊದಲು ಅವಳನ್ನು ಕೂರಿಸಿ ನೀರು ಕೊಟ್ಟಳು. ಆಮೇಲೆ ರಾಮಾಂಜಿನಿಯ ಬಲಗೈಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡು ಒಂದೊಂದೇ ಬೆರಳು ಬಿಡಿಸಿ ನೋಡಿದಳು. "ಇದಕ್ಕ ದಿನಾ ಕೆಲಸ ಕೊಟ್ಟಿದ್ರ ಇಷ್ಟೊತ್ತಿಗೆ ಮಡಚಾಕ ಬರ್ತಿತ್ತು. ಇರ್ಲಿ, ಈಗೂ ಹೊತ್ತು ಮೀರಿಲ್ಲ," ಎಂದಳು. ಅದೆಲ್ಲ ಮುಗಿದ ಮೇಲೆಯೇ ಬಾಗಿಲಲ್ಲಿ ನಿಂತಿದ್ದ ಶಂಭುಲಿಂಗನತ್ತ ನೋಡಿದ್ದು.

"ಸ್ನೇಹಾ ಅವರ, ನಾ ನಿಮಗ..." ಎಂದು ಅವನು ಶುರುಮಾಡಿದ.

"ನನಗ ಹೇಳಬ್ಯಾಡ್ರಿ. ನನಗ ಅವತ್ತೇ ಗೊತ್ತಿತ್ತು. ಗೊತ್ತಿಲ್ಲದವರಿಗೆ ಬರದು ಕೊಡ್ರಿ," ಎಂದು ಹಾಳೆ, ಪೆನ್ನು ಮುಂದಿಟ್ಟಳು.

ಅವನು ಅಲ್ಲೇ ಕುಳಿತು ಬರೆದ. 'ನೆನಪಿಲ್ಲ ಎಂದದ್ದು ಸುಳ್ಳು' ಎಂಬ ಸಾಲಿಗೆ ಬಂದಾಗ ಕೈ ತಡೆಯಿತು. ಸ್ನೇಹಾ ಅವನ ಪಕ್ಕ ನಿಂತು ಇಣುಕಲಿಲ್ಲ, ಅವಸರ ಮಾಡಲಿಲ್ಲ. ಬರೆದು ಸಹಿ ಹಾಕಿದ.

ಲೀಗಿನವರು ಅವನನ್ನು ಮೂರು ವರ್ಷ ಆಟದಿಂದ ಹೊರಗಿಟ್ಟರು. ಕಪ್ ವಾಪಸು ಕೇಳಿದರು. ಅಂದಾನಪ್ಪ ಅದನ್ನು ಪಟದ ಕೆಳಗಿನಿಂದ ತೆಗೆದು ಒಂದು ಗೋಣಿಚೀಲದಲ್ಲಿ ಸುತ್ತಿ ಮಗನ ಕೈಗೆ ಕೊಟ್ಟರು; "ನಾ ಎಷ್ಟು ಮಂದಿಗೆ ಹೇಳೀನಿ," ಎಂದಷ್ಟೇ ಅಂದರು. ತಂಡದವರು ಸ್ನೇಹಾಳ ಕ್ಷಮೆ ಕೇಳಿ ಮತ್ತೆ ಕರೆದರು. ಅವಳು ಹೋಗಲಿಲ್ಲ. ವಾರಕ್ಕೆ ಮೂರು ದಿನ ರಾಮಾಂಜಿನಿ ಅವಳಲ್ಲಿಗೆ ಬಂದು ಕೈಗೆ ವ್ಯಾಯಾಮ ಮಾಡಿಸಿಕೊಳ್ಳತೊಡಗಿದ.

ಮುಂದಿನ ಸೀಸನ್ ಶುರುವಾದ ವಾರ, ಶಂಭುಲಿಂಗ ಗಿರಣಿಯ ಕೆಲಸಕ್ಕೆಂದು ಹೋಗುವಾಗ ಸಂಡೂರಿನ ಬಸ್ ಸ್ಟ್ಯಾಂಡಿನಲ್ಲಿ ತಾಯಿ ಮಗ ಇಬ್ಬರೂ ಬಿಸಿಲಲ್ಲಿ ನಿಂತಿದ್ದರು. ಕಾರು ನಿಲ್ಲಿಸಿ ಇಳಿದು ಹೋದ. "ಅವ್ವಾ, ಕುರೆಕುಪ್ಪಕ್ಕ ನಾ ಬಿಡ್ತೀನಿ, ಬರ್ರಿ."

ರಾಮಾಂಜಿನಿ ಕಾರಿನ ಕಡೆ ಒಂದು ಹೆಜ್ಜೆ ಇಟ್ಟ. ದುರುಗವ್ವ ಅವನ ತೋಳು ಹಿಡಿದಳು.

"ನಿಮಗ ನಾ ಶಾಪ ಹಾಕಿಲ್ರಿ," ಎಂದಳು, ತಗ್ಗಿದ ದನಿಯಲ್ಲಿ. "ಒಬ್ಬಾಕೀಗೆ ಹಾಕಿ ತಪ್ಪು ಮಾಡೀನಿ, ಇನ್ನ ಯಾರಿಗೂ ಹಾಕಂಗಿಲ್ಲ. ಆದ್ರ ನಿಮ್ಮ ಗಾಡ್ಯಾಗ ಕುಂದ್ರಾಕ ಮನಸ್ಸು ಒಪ್ಪಂಗಿಲ್ಲ. ಬಸ್ಸು ಬರತೈತಿ. ನೀವು ಹೋಗ್ರಿ."

ಶಂಭುಲಿಂಗ ತಲೆ ತಗ್ಗಿಸಿದ. ಹೋಗಲಿಲ್ಲ, ನಾಲ್ಕು ಮಾರು ದೂರ ಸರಿದು, ಬಸ್ಸು ಕಾಯುವವರ ನಡುವೆ ಬಿಸಿಲಲ್ಲೇ ನಿಂತ. ಮುಕ್ಕಾಲು ಗಂಟೆಯ ಮೇಲೆ ಬಸ್ಸು ಬಂತು. ದುರುಗವ್ವ ಮಗನನ್ನು ಮುಂದೆ ಹತ್ತಿಸಿ, ತಾನೂ ಹತ್ತಿದಳು. ಬಸ್ಸು ಹೊರಟ ಮೇಲೆ ಅವನು ಕಾರಿನ ಹತ್ತಿರ ಹೋದ.