ಬೀಬಿ ಕಡವು

ಖಲೀಲುರ್ರಹ್ಮಾನ್ ಸರ್ ನನ್ನ ಹೊಟ್ಟೆಯ ಮೇಲೆ ಹೊಡೆದವರು. ಅವರನ್ನು ಕ್ಷಮಿಸುವಷ್ಟು ದೊಡ್ಡ ಮನಸ್ಸನ್ನು ಅಲ್ಲಾಹು ನನಗೆ ಕೊಟ್ಟಿಲ್ಲ, ನಾನು ಕೇಳಿಯೂ ಇಲ್ಲ.

ಮಂಗಳೂರಿನಲ್ಲಿ ಅವರು ನನ್ನ ಗೈಡ್. ನೇತ್ರಾವತಿಯ ಅಳಿವೆಯಲ್ಲಿ ಸೊಂಟದವರೆಗಿನ ನೀರಿಗಿಳಿದು ನಮ್ಮೂರಲ್ಲಿ ಬೇಯಿಸಿ ತಿನ್ನುವ ಮರುವಾಯಿ ಚಿಪ್ಪುಗಳನ್ನು ಹೆಕ್ಕಿ, ಅಳೆದು ನಾನು ಬರೆದ ಪ್ರಬಂಧವನ್ನು, "ಇದು ಸಂಶೋಧನೆಯಾ ಮಾರಾಯ? ಅಡುಗೆಮನೆ ಸುದ್ದಿ" ಎಂದು ಪಕ್ಕಕ್ಕೆಸೆದರು. ನನ್ನ ಡಿಗ್ರಿ ಹೋಯಿತು. ಆಮೇಲೆ ಅದನ್ನೇ ತಮ್ಮ ಹೆಸರಿನಲ್ಲಿ ವಿದೇಶಿ ಪತ್ರಿಕೆಯಲ್ಲಿ ಅಚ್ಚು ಹಾಕಿಸಿ, ಅದರ ಬಲದಿಂದ ರಿಯಾದಿನ ಒಂದು ವಿಶ್ವವಿದ್ಯಾಲಯಕ್ಕೆ ಪ್ರೊಫೆಸರಾಗಿ ಹಾರಿದರು. ಹೊಟ್ಟೆಪಾಡಿಗೆ ನಾನೂ ಅಲ್ಲಿಗೇ ಬಂದು ಬಿದ್ದೆ, ಲೈಬ್ರರಿಯ ಕಂಪ್ಯೂಟರ್ ಆಪರೇಟರ್ ಆಗಿ. ನನ್ನನ್ನು ಕಂಡು ಅವರೇನೂ ಅಳುಕಲಿಲ್ಲ. ಡಿಗ್ರಿ ಇಲ್ಲದವನ ಮಾತು ಯಾರು ಕೇಳುತ್ತಾರೆ?

೧೯೮೬ರಲ್ಲಿ ಆ ಯಂತ್ರ ಹೊಸತು. ಫೋನ್ ಲೈನಿನಲ್ಲಿ ಅಮೆರಿಕದ ಕಂಪ್ಯೂಟರಿಗೆ ವಿಷಯವನ್ನೋ ಲೇಖಕರ ಹೆಸರನ್ನೋ ಕೊಟ್ಟರೆ, ಪ್ರಕಟವಾದ ಲೇಖನಗಳ ವಿವರ ಕರಕರ ಸದ್ದು ಮಾಡುತ್ತ ಕಾಗದದಲ್ಲಿ ಅಚ್ಚಾಗಿ ಬರುತ್ತಿತ್ತು. ಪ್ರೊಫೆಸರುಗಳು ಪಕ್ಕದಲ್ಲಿ ಕೂತು ಹೇಳುವುದು, ಕೀಲಿ ಒತ್ತುವುದು ನಾನು. ಲೈನ್ ದುಬಾರಿಯಾದ್ದರಿಂದ ಹೆಚ್ಚಿನವರಿಗೆ ಶೀರ್ಷಿಕೆಯೇ ಸಾಕಾಗುತ್ತಿತ್ತು. ಸಾರಾಂಶ ಬೇಕಾದರೆ ಬೇರೆ ಹೇಳಬೇಕು.

ಒಂದು ದಿನ ಬೇರೆ ಯಾರಿಗೋ ಹುಡುಕುವಾಗ ಸರ್ ಲೇಖನದ ಸಾರಾಂಶ ಕಣ್ಣಿಗೆ ಬಿತ್ತು. ಓದಿ ಮೈಯೆಲ್ಲ ಉರಿಯಿತು, ಆಮೇಲೆ ನಗು ಬಂತು. ಪುಣ್ಯಾತ್ಮ ಒಂದು ಹೆಸರನ್ನೂ ಬದಲಿಸಿರಲಿಲ್ಲ. ನಾನು ಬಾಯಿ ಮುಚ್ಚಿಕೊಂಡು ಕಾದೆ.

ವಿಭಾಗದ ಮುಖ್ಯಸ್ಥರಾಗಿ ಅವರ ಬಡ್ತಿಗೆ ಡೀನ್ ಸಹಿ ಬೇಕಿತ್ತು. ಮರುವಾರ, ತಮ್ಮ ಲೇಖನ ಅಮೆರಿಕದಿಂದ ಇಳಿದು ಬರುವುದನ್ನು ತೋರಿಸಲು ಡೀನರನ್ನೇ ಕರೆತಂದರು. ಡೀನ್ ಸೌದಿಯವರು, ಸ್ವತಃ ಸಮುದ್ರಜೀವಿಗಳ ಬಗ್ಗೆ ಓದಿದವರು.

"ಯಲ್ಲಾ, ಶುರು ಮಾಡು ಸಿರಾಜ್, ನನ್ನ ಹೆಸರು ಹಾಕು" ಎಂದರು ಸರ್.

"ಶೀರ್ಷಿಕೆ ಸಾಕಾ ಸರ್, ಸಾರಾಂಶವೂ ಬೇಕಾ?"

"ಪೂರ್ತಿ ತರಿಸು. ಎಂತಕ್ಕೆ ಜಿಪುಣತನ?"

ತರಿಸಿದೆ. ಡೀನ್ ಕಾಗದ ಹರಿದುಕೊಂಡು ಓದಿದರು. ಚಿಪ್ಪು ಹೆಕ್ಕಿದ ಜಾಗದ ಹೆಸರಿನ ಮೇಲೆ ಬೆರಳಿಟ್ಟು, "ಈ ಬೀಬಿ ಕಡವು ನದಿಯ ಯಾವ ದಡದಲ್ಲಿದೆ?" ಎಂದು ಇಂಗ್ಲಿಷಿನಲ್ಲಿ ಕೇಳಿದರು.

ಸರ್ ನನ್ನತ್ತ ಬಾಗಿದರು. ಡೀನರಿಗೆ ತಿಳಿಯದ ಹಾಗೆ ಕನ್ನಡದಲ್ಲಿ, "ಅದು ಎಲ್ಲಿ ಬರ್ತದೆ ಮಾರಾಯ? ಬೇಗ ಹೇಳು. ನಾವು ಒಂದೇ ಕಡೆಯವರಲ್ವಾ" ಎಂದರು.

ಒಂದೇ ಕಡೆಯವರಂತೆ. ನನ್ನ ಡಿಗ್ರಿ ತಿನ್ನುವಾಗ ಅದು ನೆನಪಿರಲಿಲ್ಲ.

ನಾನು ಡೀನ್ ಕಡೆ ತಿರುಗಿ ಇಂಗ್ಲಿಷಿನಲ್ಲೇ ಹೇಳಿದೆ: "ಬೀಬಿ ಕಡವು ಎಲ್ಲಿದೆ ಎಂದು ಪ್ರೊಫೆಸರ್ ಸಾಹೇಬರು ನನ್ನನ್ನು ಕೇಳುತ್ತಿದ್ದಾರೆ. ಅದು ಯಾವ ನಕ್ಷೆಯಲ್ಲೂ ಇಲ್ಲ ಸರ್. ಉಳ್ಳಾಲದ ನಮ್ಮ ಮನೆಯ ಹಿಂದಿನ ದಂಡೆ ಅದು. ಬೀಬಿ ನನ್ನ ತಾಯಿ. ಅಲ್ಲಿ ಮರುವಾಯಿ ಹೆಕ್ಕಿ ಮಾರಿ ನನ್ನನ್ನು ಓದಿಸಿದವರು. ಆ ಜಾಗಕ್ಕೆ ಆ ಹೆಸರಿಟ್ಟವನು ನಾನು, ನನ್ನ ಪ್ರಬಂಧದಲ್ಲಿ."

ಡೀನ್ ನಮ್ಮ ಸರ್ ಮುಖವನ್ನೊಮ್ಮೆ ನೋಡಿದರು. ಕೈಯಲ್ಲಿದ್ದ ಪೆನ್ನನ್ನು ಜೇಬಿಗೆ ಸಿಕ್ಕಿಸಿಕೊಂಡು, ಆ ಕಾಗದವನ್ನು ಮಡಚಿ ಹಿಡಿದು ಹೊರಟುಹೋದರು.

"ನನ್ನ ಬಾಳು ಹಾಳು ಮಾಡಿದೆಯಲ್ಲೋ" ಎಂದರು ಸರ್.

"ಅಡುಗೆಮನೆ ಸುದ್ದಿ ಸರ್. ತಲೆ ಕೆಡಿಸ್ಕೊಳ್ಬೇಡಿ" ಎಂದು ಲೈನ್ ಕಡಿದೆ.