ಅರ್ಧರ್ಧ ಕಟ್ಟ

ತಿರುಮಲೇಶ್ವರ ಮಾಷ್ಟ್ರು ನಿವೃತ್ತರಾದದ್ದು ಕಾಲೇಜಿಗೆ ಒಳ್ಳೆಯದಾಯಿತು, ಊರಿಗೆ ಶನಿ ಹಿಡಿಯಿತು. ಇದು ಗೋದಾವರಿಯ ಅಭಿಪ್ರಾಯ. ಗಂಡನ ಅಣ್ಣನಲ್ಲವಾ ಎಂದು ಬಾಯಿಬಿಟ್ಟು ಹೇಳಿರಲಿಲ್ಲ, ಅಷ್ಟೆ. ಇಡೀ ಜೀವಮಾನ ಕನ್ನಡ ಪಾಠ ಮಾಡಿದ ಮನುಷ್ಯ, ಕೇಳಲು ಮಕ್ಕಳಿಲ್ಲದೆ ಈಗ ಊರನ್ನೇ ತರಗತಿ ಮಾಡಿಕೊಂಡಿದ್ದರು.

ಕಾಣಿಯೂರಿನಿಂದ ಸ್ವಲ್ಪ ಆಚೆ, ಅವರ ಜಾಗದ ಕೆಳಗೆ ಒಂದು ತೋಡು ಹರಿಯುತ್ತದೆ. ಈಚೆ ದಂಡೆ ಇವರದು, ಆಚೆ ದಂಡೆ ಆಸ್ಯಮ್ಮನ ಮನೆಯವರದು. ಮಳೆಗಾಲ ಕಳೆದು ನೀರಿನ ಸೊಕ್ಕು ಇಳಿದ ಮೇಲೆ ಎರಡೂ ದಂಡೆಯವರು ಸೇರಿ ತೋಡಿಗೆ ಅಡ್ಡ ಕಟ್ಟ ಹಾಕುವುದು ಹಿಂದಿನಿಂದ ಬಂದ ಕ್ರಮ. ಗೂಟ ಹೊಡೆದು, ಸೀಳಿದ ಅಡಿಕೆಮರ ಅಡ್ಡ ಇಟ್ಟು, ಪ್ಲಾಸ್ಟಿಕ್ ಹಾಳೆ ಹಾಸಿ, ಮಣ್ಣು ತುಂಬಿಸಿದರೆ ಮುಗಿಯಿತು. ಒಂದು ದಿನದ ಕೆಲಸ. ಚಹಾ ಆಸ್ಯಮ್ಮನದು, ಅವಲಕ್ಕಿ ಗೋದಾವರಿಯದು. ನಿಂತ ನೀರು ಎರಡು ಕಡೆಯ ಬಾವಿಗಳಿಗೂ ಇಳಿದು ಬೇಸಿಗೆ ದಾಟಿಸುತ್ತಿತ್ತು.

ಈ ವರ್ಷ ಗೋದಾವರಿಗೆ ಆ ನೀರು ಎಂದಿಗಿಂತ ಹೆಚ್ಚು ಬೇಕಿತ್ತು. ಬೇಸಾಯವಿಲ್ಲದೆ ಹಡಿಲು ಬಿದ್ದಿದ್ದ ಗದ್ದೆಯಲ್ಲಿ ಅವಳು ಅಡಿಕೆ ಸಸಿ ನೆಟ್ಟಿದ್ದಳು. ಬೀಜ ಆರಿಸಿದ್ದು, ಮೊಳಕೆ ಬರಿಸಿದ್ದು, ಗುಂಡಿ ತೋಡಿದ್ದು ಎಲ್ಲ ಅವಳೇ. ಆ ಮನೆಗೆ ಬಂದ ಮೇಲೆ ತನ್ನದು ಎಂದು ಹೇಳಿಕೊಳ್ಳಲು ಅವಳಿಗಿದ್ದದ್ದು ಅದೊಂದೇ. ಮೊದಲ ಬೇಸಿಗೆ ದಾಟಿದರೆ ಸಸಿ ಬದುಕಿತು, ಇಲ್ಲದಿದ್ದರೆ ಇಲ್ಲ.

ಅಂಥ ಹೊತ್ತಿಗೆ ಮಾಷ್ಟ್ರು ಈ ದಂಡೆಗೊಂದು ಜಲಸಮಿತಿ ಮಾಡಿ ತಾವೇ ಅಧ್ಯಕ್ಷರಾದರು. ಇನ್ನು ಮುಂದೆ ಯಾರ ದಂಡೆಯ ಅರ್ಧ ಕಟ್ಟ ಅವರೇ ಹಾಕುವುದು ಎಂದು ಅಪ್ಪಣೆಯಾಯಿತು.

"ಯಾರು ಎಷ್ಟು ಕೆಲಸ ಮಾಡಿದ್ರು ಅಂತ ಗೊತ್ತಾಗ್ಬೇಕಲ್ಲ? ಶಿಸ್ತು ಬೇಕು," ಎಂದರು.

ಅವರ ತಮ್ಮ, ಗೋದಾವರಿಯ ಗಂಡ ಮುರಳಿಕೃಷ್ಣ ತಲೆಯಾಡಿಸಿದ. ಅಣ್ಣ ಮಧ್ಯಾಹ್ನವನ್ನು ರಾತ್ರಿ ಎಂದರೆ ಹಾಸಿಗೆ ಬಿಡಿಸುವ ಗಂಡಸು ಅವನು.

ಆಚೆ ದಂಡೆಯಲ್ಲಿ ಆಸ್ಯಮ್ಮನ ಮಗ ರವೂಫ್ ಏನು ಕಡಿಮೆಯವನಾ? ದುಬೈಯಿಂದ ಬಂದು ಆಲಂಕಾರಿನಲ್ಲಿ ಟೈಲ್ಸ್ ಅಂಗಡಿ ಇಟ್ಟ ಮೇಲೆ ಅವನಿಗೂ ಅಧ್ಯಕ್ಷನಾಗುವ ಚಟ ಹತ್ತಿತ್ತು. ಅವನೂ ಒಂದು ಸಮಿತಿ ಮಾಡಿದ. ಊರಿನ ವಾಟ್ಸಪ್ ಗುಂಪಿನಲ್ಲಿ, "ಮಾಷ್ಟ್ರು ಊರನ್ನು ಇಬ್ಭಾಗಿಸುತ್ತಿದ್ದಾರೆ," ಎಂದು ಬರೆದ.

ಮಾಷ್ಟ್ರಿಗೆ ಅಷ್ಟೇ ಬೇಕಿತ್ತು. ಬರೆದರು ನೋಡಿ, ಬೆರಳು ನೋಯುವಷ್ಟು ಬರೆದರು. ಇಬ್ಭಾಗಿಸು ಎಂಬ ಕ್ರಿಯಾಪದವನ್ನು ಕಂಡಕಂಡಲ್ಲಿ ಬಳಸಬಾರದು. ಹಲಸಿನ ಹಣ್ಣನ್ನು ಎರಡು ಮಾಡಿದರೆ ಅದು ಬರೀ ಪಾಲು ಮಾಡಿದ್ದು. ಒಂದಾಗಿದ್ದದ್ದು ಎರಡಾಗಿ, ಆ ಎರಡೂ ಒಂದಕ್ಕೊಂದು ವಿರುದ್ಧ ನಿಂತರೆ ಮಾತ್ರ ಇಬ್ಭಾಗಿಸಿದಂತೆ. ತಾನು ಮಾಡಿದ್ದು ಮೊದಲನೆಯದು, ರವೂಫ್ ಮಾಡುತ್ತಿರುವುದು ಎರಡನೆಯದು. ರವೂಫ್ ಅದಕ್ಕಿಂತ ಉದ್ದದ ಉತ್ತರ ಕಳುಹಿಸಿದ. ವಾರಗಟ್ಟಲೆ ಇದೇ ನಡೆಯಿತು. ಈಚೆಯವರು ಮಾಷ್ಟ್ರಿಗೆ ಕೈ ಮುಗಿಯುವ ಚಿತ್ರ ಹಾಕಿದರು, ಆಚೆಯವರು ರವೂಫನಿಗೆ.

ತೋಡಿನ ನೀರು ವಾಟ್ಸಪ್ ನೋಡುವುದಿಲ್ಲ. ಮೊಣಕಾಲುದ್ದ ಇದ್ದದ್ದು ಮೀನಖಂಡಕ್ಕೆ ಇಳಿಯಿತು. ಗೋದಾವರಿ ದಿನಾ ಹೋಗಿ ನೋಡಿ ಬಂದು ಹೊಟ್ಟೆ ಉರಿಸಿಕೊಂಡಳು.

ಕಡೆಗೊಮ್ಮೆ ಕಟ್ಟ ಶುರುವಾಯಿತು. ತೋಡಿನ ನಡುವಿಗೆ ಹಗ್ಗ ಎಳೆದು ಗಡಿ ಗುರುತಿಸಿದರು. ಈಚೆಯವರು ನೀಲಿ ಹಾಳೆ ತಂದರು, ಆಚೆಯವರು ಬಿಳಿ ಹಾಳೆ. ನಡುವೆ ಯಾರ ಹಾಳೆ ಮೇಲೆ, ಯಾರದು ಅಡಿಗೆ ಎಂಬ ಪ್ರಶ್ನೆ ಬಂತು. ಅಡಿಗೆ ಹಾಕಲು ಯಾರೂ ಒಪ್ಪಲಿಲ್ಲ. ಎರಡು ಕಡೆಯವರೂ ಹಗ್ಗದ ತನಕ ಬಂದು ನಿಲ್ಲಿಸಿದರು. ಎರಡು ಗಟ್ಟಿ ಗೋಡೆ, ನಡುವೆ ಒಂದು ಮೊಳ ಬಾಯಿ. ಇದ್ದಬದ್ದ ನೀರೆಲ್ಲ ಅಲ್ಲಿಂದ ನುಗ್ಗಿ ಹೋಯಿತು.

"ನಮ್ಮ ಅರ್ಧದಲ್ಲಿ ಒಂದು ತೊಟ್ಟು ಸೋರುದಿಲ್ಲ," ಎಂದರು ಮಾಷ್ಟ್ರು, ಹೆಮ್ಮೆಯಿಂದ.

"ನಮ್ಮದರಲ್ಲಿಯೂ ಇಲ್ಲ," ಎಂದ ರವೂಫ್, ಆಚೆಯಿಂದ.

ಇಬ್ಬರು ಹೇಳಿದ್ದೂ ಸತ್ಯವೇ. ಅದನ್ನು ಕೇಳಿ ಗೋದಾವರಿಗೆ ಮೈಯೆಲ್ಲ ಹೇಸಿಗೆಯಾಯಿತು. ಇಷ್ಟು ಬುದ್ಧಿಗೇಡಿಗಳಿಗೆ ಇಷ್ಟು ವರ್ಷ ಅವಲಕ್ಕಿ ಕಲಸಿ ಕೊಟ್ಟೆನಲ್ಲ ಎಂದುಕೊಂಡಳು. ಸೀರೆ ಎತ್ತಿ ಸಿಕ್ಕಿಸಿ ನೀರಿಗಿಳಿದು, ಹಾರೆ ಹಾಕಿ ನೀಲಿ ಹಾಳೆಯನ್ನು ಗೂಟಸಮೇತ ಎಬ್ಬಿಸಿದಳು.

"ಎಂತ ಮಾಡುದು ನೀನು? ಅದು ನಮ್ಮ ಕಡೆಯದ್ದು," ಎಂದರು ಮಾಷ್ಟ್ರು.

"ಗೊತ್ತುಂಟು ಭಾವ. ಅದಕ್ಕೇ ತೆಗಿಯುದು. ಯಾರದ್ದು ಅಡಿಗಾದ್ರೂ ನನಗೆ ನೀರು ನಿಂತ್ರೆ ಸಾಕು."

ಆಚೆ ದಂಡೆಯಲ್ಲಿ ಆಸ್ಯಮ್ಮ ಮಗನ ಕೈಯಿಂದ ಹಾರೆ ಕಿತ್ತುಕೊಂಡಳು. "ನೀನು ಬದಿಗೆ ನಿಲ್ಲು. ಮೊಬೈಲಿನಲ್ಲಿ ನೀರು ಬಂದ್ರೆ ಕರಿ," ಎಂದು ಅವಳೂ ಇಳಿದಳು. ಹೆಂಗಸರು ಕೆಸರಿನಲ್ಲಿ ನಿಂತ ಮೇಲೆ ಉಳಿದವರಿಗೆ ನಾಚಿಕೆಯಾಗಿ ಒಬ್ಬೊಬ್ಬರೇ ಇಳಿದರು. ಸಂಜೆಯೊಳಗೆ ಕಟ್ಟ ಒಂದಾಯಿತು. ಮಾಷ್ಟ್ರೂ ರವೂಫನೂ ಅದರ ಮೇಲೆ ನಿಂತು ಫೋಟೋ ತೆಗೆಸಿಕೊಂಡು ಗುಂಪಿಗೆ ಹಾಕಿದರು. ಏನು ಹೇಳುವುದು ಇಂಥವರಿಗೆ.

ಆದರೆ ಹೊತ್ತು ಮೀರಿತ್ತು. ನಿಲ್ಲಲು ನೀರೇ ಉಳಿದಿರಲಿಲ್ಲ. ಬಾವಿಗಳಿಗೆ ಕುಡಿಯುವಷ್ಟು ಬಂತು, ಹಳೆಯ ಮರಗಳು ಹೇಗೋ ತಡೆದವು. ಗದ್ದೆಯ ಸಸಿಗಳಿಗೆ ಗೋದಾವರಿ ಕೊಡದಲ್ಲಿ ಹೊತ್ತು ಹಾಕಿದಳು, ಬೆನ್ನು ಬೀಳುವ ತನಕ ಹಾಕಿದಳು. ಸುಳಿ ಹಳದಿಯಾಯಿತು, ಆಮೇಲೆ ಎಳೆದರೆ ಕೈಗೇ ಬಂತು.

ಒಂದು ಬೆಳಿಗ್ಗೆ ಅವಳು ಎಲ್ಲವನ್ನೂ ಕಿತ್ತಳು. ಎರಡು ಹೊರೆ ಕಟ್ಟಿದಳು. ಒಂದನ್ನು ತಲೆಯ ಮೇಲಿಟ್ಟು, ಇನ್ನೊಂದನ್ನು ಕಂಕುಳಲ್ಲಿ ಹಿಡಿದು ಭಾವನ ಮನೆಗೆ ಹೋದಳು. ಜಗಲಿಯಲ್ಲಿ ಮಾಷ್ಟ್ರ ಎದುರು ಪುತ್ತೂರಿನಿಂದ ಬಂದವರೊಬ್ಬರು ಕುಳಿತಿದ್ದರು. ಊರು ಒಂದಾದ ಬಗೆ ಎಂಬ ವಿಷಯದಲ್ಲಿ ಮಾಷ್ಟ್ರನ್ನು ಭಾಷಣಕ್ಕೆ ಕರೆಯಲು ಬಂದವರು. ಗೋದಾವರಿ ಕಂಕುಳಿನ ಹೊರೆಯನ್ನು ಅವರಿಬ್ಬರ ನಡುವೆ ಹಾಕಿದಳು. ಒಣಗಿದ ಬೇರಿನ ಮಣ್ಣು ಚಹಾದ ತಟ್ಟೆಗೆ ಸಿಡಿಯಿತು.

"ಎಂತ ಇದು ಗೋದಾವರಿ?"

"ನಿಮ್ಮ ಅರ್ಧ, ಭಾವ," ಎಂದಳು. "ತಲೆಯಲ್ಲಿರುದು ರವೂಫನದ್ದು. ಕೊಟ್ಟು ಬರ್ತೇನೆ."